ಕಷಾಯ ಅಂತ ದಿನಾ ಒಂದು ಗ್ಲಾಸ್ ರೆಡ್ ವೈನ್: ಹೃದಯಕ್ಕೆ ನಿಜವಾಗಿ ಒಳ್ಳೆಯದಾ?

ಒಗ್ಗರಣೆ_ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 49, ನಮ್ಮ ಯಜಮಾನರಿಗೆ 54. ಇಪ್ಪತ್ತು ವರ್ಷದಿಂದ ಅವರದು ಒಂದೇ ಪದ್ಧತಿ. ಶನಿವಾರ ಸ್ನೇಹಿತರ ಜೊತೆ ಮೂರು ಲಾರ್ಜ್ ವಿಸ್ಕಿ, ಖಾರದ ಕಡಲೆಬೀಜ, ಮನೆಗೆ ಬಂದು ಮೊಸರನ್ನ, ನಿದ್ದೆ. ಉಳಿದ ದಿನ ಮುಟ್ಟುತ್ತಿರಲಿಲ್ಲ. ಹೋದ ಫೆಬ್ರವರಿಯಲ್ಲಿ ಆಫೀಸಿನ ತಪಾಸಣೆಯಲ್ಲಿ ಬಿಪಿ 146/92, ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 240, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ ಆ ಎಚ್‌ಡಿಎಲ್ 34 ಅಂತ ಬಂತು. ಸಕ್ಕರೆ ಗಡಿಯಲ್ಲಿದೆ. ಡಾಕ್ಟರು ಬಿಪಿಗೆ ಒಂದು ಮಾತ್ರೆ ಬರೆದು, ಉಪ್ಪು ಕಡಿಮೆ ಮಾಡಿ, ನಡೆಯಿರಿ, ಕುಡಿಯುವುದನ್ನೂ ಕಡಿಮೆ ಮಾಡಿ ಅಂದರು.

ಅಷ್ಟರಲ್ಲಿ ಇವರ ಕಾಲೇಜು ಗೆಳೆಯರೊಬ್ಬರು ಹೊರದೇಶದಿಂದ ರಜೆಗೆ ಬಂದಿದ್ದರು. "ಲೋ, ವಿಸ್ಕಿ ಬಿಡು, ರಾತ್ರಿ ಊಟದ ಜೊತೆ ಒಂದೇ ಒಂದು ಗ್ಲಾಸ್ ರೆಡ್ ವೈನ್ ತಗೋ, ರಕ್ತನಾಳ ತೊಳೆದ ಹಾಗೆ ಆಗುತ್ತೆ, ಫ್ರಾನ್ಸಿನವರು ಬೆಣ್ಣೆ ತಿಂದು ಗುಂಡುಕಲ್ಲಿನ ಹಾಗಿಲ್ಲವಾ" ಅಂದರಂತೆ. ಅಲ್ಲಿಂದ ಶುರು. ಈಗ ನಮ್ಮ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಯಾವಾಗಲೂ ಒಂದು ಬಾಟಲಿ. ಮೂರು ದಿನಕ್ಕೊಂದು ಖಾಲಿಯಾಗುತ್ತೆ. ಇವರು ಅದನ್ನು 'ಕಷಾಯ' ಅಂತಲೇ ಕರೆಯುತ್ತಾರೆ.

ನಾಲ್ಕು ತಿಂಗಳಾದ ಮೇಲೆ ಮತ್ತೆ ರಕ್ತ ಕೊಟ್ಟರು. ಎಚ್‌ಡಿಎಲ್ 34ರಿಂದ 38ಕ್ಕೆ ಏರಿದೆ. "ನೋಡಿದ್ಯಾ" ಅಂತ ರಿಪೋರ್ಟ್ ಹಿಡಿದು ಅಡುಗೆಮನೆಗೇ ಬಂದರು. ಟ್ರೈಗ್ಲಿಸರೈಡ್ 240 ಇದ್ದದ್ದು 268 ಆಗಿದೆ, ಅದನ್ನು ಮಾತ್ರ ಯಾರೂ ನೋಡಲಿಲ್ಲ.

ಈಗ ನನಗೂ ಅರ್ಧ ಗ್ಲಾಸ್ ತಗೋ, ನಿನ್ನ ವಯಸ್ಸಿಗೆ ಒಳ್ಳೆಯದು ಅನ್ನುತ್ತಿದ್ದಾರೆ. ನಮ್ಮ ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು, ಹಾಗಾಗಿ ಕೇಳುತ್ತಿದ್ದೇನೆ.

ದಯವಿಟ್ಟು ಕುಡಿತ ಪಾಪ ಅಂತ ಉಪದೇಶ ಬೇಡ. ನಮ್ಮ ಮನೆಯಲ್ಲಿ ಯಾರಿಗೂ ಆ ಮಡಿ ಇಲ್ಲ. ಇದು ನಿಜವಾಗಿ ಔಷಧಿಯಾ, ಅಲ್ಲವಾ, ಅಷ್ಟು ಹೇಳಿ.

ಲೆಕ್ಕದ_ಮೇಷ್ಟ್ರು

ಅಮ್ಮಾ, ನಾನು ಡಾಕ್ಟರಲ್ಲ, ನಿವೃತ್ತ ಗಣಿತ ಮೇಷ್ಟ್ರು. ಆದರೆ ನಿಮ್ಮ ಪ್ರಶ್ನೆಯಲ್ಲೇ ಒಂದು ಲೆಕ್ಕ ಅಡಗಿ ಕೂತಿದೆ.

ವೈನ್ ಬಾಟಲಿ 750 ಮಿಲೀ. ಮೂರು ದಿನಕ್ಕೆ ಖಾಲಿ ಅಂದರೆ ದಿನಕ್ಕೆ 250 ಮಿಲೀ. ಪುಸ್ತಕಗಳಲ್ಲಿ 'ಒಂದು ಗ್ಲಾಸ್' ಅಂದರೆ 150 ಮಿಲೀ, ಕೆಲವು ಕಡೆ 125. ಅಂದರೆ ನಿಮ್ಮ ಯಜಮಾನರ ಒಂದು ಗ್ಲಾಸ್ ಹೆಚ್ಚುಕಡಿಮೆ ಒಂದೂಮುಕ್ಕಾಲು ಗ್ಲಾಸು. ಗ್ಲಾಸು ಒಂದೇ, ಹೊಟ್ಟೆ ದೊಡ್ಡದು.

ಈಗ ಒಳಗಿನ ಆಲ್ಕೋಹಾಲ್ ನೋಡೋಣ. ಶೇಕಡಾ 13ರ ವೈನ್ 250 ಮಿಲೀ ಅಂದರೆ 32.5 ಮಿಲೀ ಶುದ್ಧ ಆಲ್ಕೋಹಾಲ್. ಅದು ನೀರಿಗಿಂತ ಹಗುರ, 0.79ರಿಂದ ಗುಣಿಸಿದರೆ ಸುಮಾರು 25.7 ಗ್ರಾಂ. ವಾರಕ್ಕೆ ಏಳು ದಿನ, 180 ಗ್ರಾಂ ಹತ್ತಿರ.

ಹಳೇ ಪದ್ಧತಿ: ಒಂದು ಲಾರ್ಜ್ 60 ಮಿಲೀ, ನಮ್ಮ ವಿಸ್ಕಿ ಶೇಕಡಾ 42.8. ಒಂದಕ್ಕೆ 20 ಗ್ರಾಂ. ಶನಿವಾರದ ಮೂರಕ್ಕೆ 60 ಗ್ರಾಂ.

ಅಂದರೆ ವಿಸ್ಕಿ ಬಿಟ್ಟು 'ಕಷಾಯ' ಶುರು ಮಾಡಿದ ಮೇಲೆ ಅವರು ಕುಡಿಯುವುದು ಮೂರು ಪಟ್ಟು ಜಾಸ್ತಿ ಆಗಿದೆ. ವಾರಕ್ಕೆ ಒಂಬತ್ತು ಲಾರ್ಜ್‌ಗೆ ಸಮ. ಬ್ರಿಟನ್ನಿನಲ್ಲಿ 2016ರಿಂದ ವಾರಕ್ಕೆ 14 ಯೂನಿಟ್ ದಾಟಬೇಡಿ ಅನ್ನುತ್ತಾರೆ, ಅದು 112 ಗ್ರಾಂ. ಅದನ್ನೂ ದಾಟಿ ಬಹಳ ಮುಂದೆ ಹೋಗಿದ್ದಾರೆ. ಟ್ರೈಗ್ಲಿಸರೈಡ್ ಯಾಕೆ ಏರಿತು ಅಂತ ನನಗೆ ಆಶ್ಚರ್ಯ ಇಲ್ಲ. ದಿನಕ್ಕೆ 200 ಕ್ಯಾಲೊರಿ ಬೇರೆ, ಹೆಚ್ಚುಕಡಿಮೆ ಎರಡು ಚಪಾತಿ.

ಬಾಟಲಿ ಮೇಲೆ ಸಣ್ಣಕ್ಷರದಲ್ಲಿ ಎಷ್ಟು ಶೇಕಡಾ ಅಂತ ಬರೆದಿರುತ್ತಾರೆ, ಒಮ್ಮೆ ನೋಡಿ. 14 ಅಂತ ಇದ್ದರೆ ನನ್ನ ಲೆಕ್ಕ ಇನ್ನೂ ಮೇಲೆ ಹೋಗುತ್ತೆ.

ಟುಲೂಸ್_ತಿಮ್ಮ

ಮೇಷ್ಟ್ರೇ, ಸೂಪರ್.

ನಾನು ದಕ್ಷಿಣ ಫ್ರಾನ್ಸಿನ ಟುಲೂಸ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ಮೂಲ ತಿಪಟೂರು. ಈ 'ಫ್ರಾನ್ಸಿನವರು ಬೆಣ್ಣೆ ತಿಂದು' ಕಥೆ ಇದೆಯಲ್ಲ, ಅದು ಒಂದು ರೀತಿಯಲ್ಲಿ ನಮ್ಮೂರಿನದ್ದೇ. ಹೃದ್ರೋಗದ ಲೆಕ್ಕ ಇಡಲು ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಮೋನಿಕಾ ಅನ್ನುವ ದೊಡ್ಡ ಅಧ್ಯಯನದಲ್ಲಿ ಟುಲೂಸ್ ಕೂಡ ಒಂದು ಕೇಂದ್ರ. ಇಲ್ಲಿ ಬಾತುಕೋಳಿ ಕೊಬ್ಬಿನಲ್ಲೇ ಅಡುಗೆ ಮಾಡುತ್ತಾರೆ, ಆದರೂ ಹೃದಯಾಘಾತದ ಸಾವು ಬ್ರಿಟನ್ನಿಗಿಂತ ಎಷ್ಟೋ ಕಡಿಮೆ. ಸೆರ್ಜ್ ರೆನೋ ಅನ್ನುವ ವಿಜ್ಞಾನಿ ಇದಕ್ಕೆ ವೈನ್ ಕಾರಣ ಇರಬಹುದು ಅಂದರು. 1991ರ ನವೆಂಬರಿನಲ್ಲಿ ಅಮೆರಿಕದ '60 ಮಿನಿಟ್ಸ್' ಅನ್ನುವ ಟಿವಿ ಕಾರ್ಯಕ್ರಮದಲ್ಲಿ ಇದು ಬಂತು, ಮುಂದಿನ ವರ್ಷ ಅಲ್ಲಿ ರೆಡ್ ವೈನ್ ಮಾರಾಟ ಶೇಕಡಾ 40ರಷ್ಟು ಏರಿತು ಅಂತ ಹೇಳುತ್ತಾರೆ. ರೆನೋ ಅವರ ಪ್ರಬಂಧ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದದ್ದು 1992ರಲ್ಲಿ. ಅಂದರೆ ಅಂಗಡಿ ಮುಂದೆ ಕ್ಯೂ ಮೊದಲು, ಪ್ರಬಂಧ ಆಮೇಲೆ.

ತಮಾಷೆ ಏನು ಗೊತ್ತಾ? ಅದೇ 1991ರಲ್ಲಿ ಫ್ರಾನ್ಸ್ ತನ್ನ ಜನಕ್ಕೆ ಮದ್ಯದ ಜಾಹೀರಾತಿಗೆ ಕಡಿವಾಣ ಹಾಕುವ ಕಾನೂನು ಮಾಡಿತು, ಎವಾಂ ಕಾನೂನು ಅಂತ. ಅಮೆರಿಕದವರು ಫ್ರಾನ್ಸಿನವರ ಹಾಗೆ ಕುಡಿಯಲು ಹೊರಟಾಗ ಫ್ರಾನ್ಸಿನ ಸರಕಾರ ಇವರು ಕುಡಿಯೋದು ಹೇಗೆ ಕಡಿಮೆ ಮಾಡಿಸೋದು ಅಂತ ತಲೆ ಕೆಡಿಸಿಕೊಂಡಿತ್ತು. ಯಾಕೆಂದರೆ ಹೃದಯ ಉಳಿದರೂ ಲಿವರ್ ಉಳಿಯುತ್ತಿರಲಿಲ್ಲ, ಇಲ್ಲಿ ಲಿವರ್ ಗಟ್ಟಿಯಾಗಿ ಹಾಳಾಗುವ ಸಿರೋಸಿಸ್ ಬಹಳ ಇತ್ತು. 1956ರವರೆಗೂ ಶಾಲೆಯ ಊಟದಲ್ಲಿ ಚಿಕ್ಕ ಮಕ್ಕಳಿಗೂ ವೈನ್ ಕೊಡುತ್ತಿದ್ದರು ಅಂದರೆ ನಂಬುತ್ತೀರಾ? ಆ ವರ್ಷ 14 ವರ್ಷದೊಳಗಿನವರಿಗೆ ನಿಲ್ಲಿಸಿದರು.

ಆಮೇಲೆ 1999ರಲ್ಲಿ ಇಬ್ಬರು ಬ್ರಿಟಿಷ್ ತಜ್ಞರು ಲೆಕ್ಕ ತೆಗೆದು ಇನ್ನೊಂದು ವಿಷಯ ಹೇಳಿದರು. ಫ್ರಾನ್ಸಿನಲ್ಲಿ ಜನ ಪ್ರಾಣಿಜನ್ಯ ಕೊಬ್ಬನ್ನು ಜಾಸ್ತಿ ತಿನ್ನಲು ಶುರು ಮಾಡಿದ್ದೇ ತಡವಾಗಿ, ಬ್ರಿಟನ್ನಿಗಿಂತ ದಶಕಗಳ ನಂತರ. ರಕ್ತನಾಳ ಕಟ್ಟಿಕೊಳ್ಳಲು ಇಪ್ಪತ್ತು ಮೂವತ್ತು ವರ್ಷ ಬೇಕಲ್ಲ. ಅದರ ಮೇಲೆ ಇಲ್ಲಿನ ವೈದ್ಯರು ಹೃದಯದ ಸಾವನ್ನು ಬೇರೆ ಹೆಸರಲ್ಲಿ ಬರೆಯುವುದೂ ಇತ್ತು. ಆ ಗೆಳೆಯರು ಹೇಳಿದ 'ಗುಂಡುಕಲ್ಲಿ'ನಲ್ಲಿ ಅಷ್ಟಿಷ್ಟು ಗುಮಾಸ್ತರ ಕೆಲಸವೂ ಸೇರಿದೆ.

ಈಗ ಇಲ್ಲಿ ನನ್ನ ಆಫೀಸಿನ ಹುಡುಗರು ಮಧ್ಯಾಹ್ನ ವೈನ್ ಮುಟ್ಟುವುದಿಲ್ಲ. 1960ರ ಹೊತ್ತಿಗೆ ತಲಾ ವರ್ಷಕ್ಕೆ ನೂರು ಲೀಟರ್ ದಾಟಿ ಕುಡಿಯುತ್ತಿದ್ದ ದೇಶ ಈಗ ಅದರ ಅರ್ಧಕ್ಕಿಂತ ಕೆಳಗಿದೆ. ಸರಕಾರದ ಆರೋಗ್ಯ ಸಂಸ್ಥೆಯ ಮಾತು ಏನೆಂದರೆ, ದಿನಕ್ಕೆ ಹೆಚ್ಚೆಂದರೆ ಎರಡು ಗ್ಲಾಸ್, ಅದೂ ಪ್ರತಿ ದಿನ ಅಲ್ಲ. ಇಲ್ಲಿನ ಗ್ಲಾಸ್ 10 ಗ್ರಾಂ ಲೆಕ್ಕದ ಚಿಕ್ಕದು. ನಿಮ್ಮವರ ಬಕೆಟ್ ಅಲ್ಲ :)

ರಾತ್ರಿಪಾಳಿ

ನಾನು ಮೆಡಿಸಿನ್ ಡಾಕ್ಟರ್, ಜಿಲ್ಲಾ ಕೇಂದ್ರವೊಂದರಲ್ಲಿ ಕೆಲಸ. ಇಲ್ಲಿ ಬರೆದದ್ದು ನಿಮ್ಮ ಡಾಕ್ಟರ ಸಲಹೆಗೆ ಬದಲಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲು ಆ 34-38ರ ಸಂಭ್ರಮ. ಆಲ್ಕೋಹಾಲ್ ಎಚ್‌ಡಿಎಲ್ ಏರಿಸುತ್ತದೆ, ಅದು ನಿಜ. ವೈನ್ ಆದರೂ ಸರಿ, ವಿಸ್ಕಿ ಆದರೂ ಸರಿ. ಆದರೆ ಎಚ್‌ಡಿಎಲ್ ಏರಿದರೆ ಹೃದಯ ಉಳಿಯುತ್ತದೆ ಅನ್ನುವ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದು ಬಹಳ ವರ್ಷ ಆಯಿತು. ಟಾರ್ಸೆಟ್ರಾಪಿಬ್ ಅನ್ನುವ ಮಾತ್ರೆ ಎಚ್‌ಡಿಎಲ್ಅನ್ನು ಜೋರಾಗಿ ಏರಿಸುತ್ತಿತ್ತು. ತಗೊಂಡವರಲ್ಲೇ ಸಾವು ಜಾಸ್ತಿ ಕಂಡಿದ್ದಕ್ಕೆ 2006ರ ಡಿಸೆಂಬರಿನಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು. ಹಾಗಾಗಿ ನಾಲ್ಕು ಅಂಕ ಏರಿದ್ದಕ್ಕೆ ಪಾಯಸ ಮಾಡಬೇಡಿ. ನಮ್ಮ ಜನರಲ್ಲಿ ಟ್ರೈಗ್ಲಿಸರೈಡ್ ಮೊದಲೇ ಜಾಸ್ತಿ, ಹೊಟ್ಟೆ ಸುತ್ತ ಕೊಬ್ಬು, ಫ್ಯಾಟಿ ಲಿವರ್ ಸಾಮಾನ್ಯ. ಇಂಥವರಿಗೆ ದಿನಾ ಆಲ್ಕೋಹಾಲ್ ಕೊಟ್ಟರೆ ಲಿವರ್ ಇನ್ನಷ್ಟು ಟ್ರೈಗ್ಲಿಸರೈಡ್ ತಯಾರಿಸುತ್ತದೆ. 268 ನನಗೆ 38ಕ್ಕಿಂತ ಮುಖ್ಯ. ಬಿಪಿ ಈಗ ಎಷ್ಟಿದೆ ಅಂತ ನೀವು ಬರೆಯಲಿಲ್ಲ. ಮಾತ್ರೆ ಕೆಳಗೆ ಎಳೆಯುತ್ತೆ, ದಿನದ ವೈನ್ ಮೇಲೆ ಎಳೆಯುತ್ತೆ, ಹಗ್ಗಜಗ್ಗಾಟ.

ಇನ್ನು 'ಅಧ್ಯಯನಗಳು ಹೇಳುತ್ತವೆ' ಅನ್ನುವ ಮಾತು. ಎಷ್ಟೋ ಹಳೇ ಅಧ್ಯಯನಗಳಲ್ಲಿ ಸ್ವಲ್ಪ ಕುಡಿಯುವವರು ಏನೂ ಕುಡಿಯದವರಿಗಿಂತ ಕಡಿಮೆ ಸತ್ತಿದ್ದು ಹೌದು. ಆದರೆ 'ಕುಡಿಯದವರು' ಅಂತ ಬರೆಸಿದವರು ಯಾರು? ನಮ್ಮ ವಾರ್ಡಿಗೆ ಬಂದು ನೋಡಿ. ಲಿವರ್ ಹೋದ ಮೇಲೆ ಬಿಟ್ಟವರು, ಹಾರ್ಟ್ ಆಪರೇಷನ್ ಆದ ಮೇಲೆ ಬಿಟ್ಟವರು, ಎಲ್ಲರೂ "ನಾನು ಕುಡಿಯಲ್ಲ ಸಾರ್" ಅನ್ನುತ್ತಾರೆ. ಅವರನ್ನೂ ಹುಟ್ಟಿದಾಗಿನಿಂದ ಮುಟ್ಟದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ಪಕ್ಕದ ಸಾಲಿನ ವೈನ್ ಕುಡಿಯುವವನು ಪೈಲ್ವಾನನಂತೆ ಕಾಣುತ್ತಾನೆ. ಅದೂ ಅಲ್ಲದೆ ಪಶ್ಚಿಮದಲ್ಲಿ ಊಟದ ಜೊತೆ ಒಂದು ಗ್ಲಾಸ್ ವೈನ್ ಕುಡಿದು ನಿಲ್ಲಿಸುವವನಿಗೆ ಸಾಮಾನ್ಯವಾಗಿ ಒಳ್ಳೆಯ ಸಂಬಳ ಇರುತ್ತೆ, ತರಕಾರಿ ತಿನ್ನುತ್ತಾನೆ, ಸಿಗರೇಟು ಕಡಿಮೆ, ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುತ್ತಾನೆ. ಪುಣ್ಯ ಯಾವುದರದ್ದು, ವೈನಿನದ್ದಾ ಸಂಬಳದ್ದಾ?

ಇದನ್ನು ಬಿಡಿಸಲು ಒಂದು ಚಂದದ ಉಪಾಯ ಚೀನಾದಲ್ಲಿ ಮಾಡಿದರು, 2019ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಪೂರ್ವ ಏಷ್ಯಾದ ಎಷ್ಟೋ ಜನರಿಗೆ ಒಂದು ಜೀನ್ ಇರುತ್ತೆ, ಅದಿದ್ದರೆ ಒಂದು ಗುಟುಕಿಗೇ ಮುಖ ಕೆಂಪಾಗಿ ವಾಕರಿಕೆ ಬರುತ್ತೆ, ಹಾಗಾಗಿ ಅವರು ಕುಡಿಯುವುದೇ ಕಡಿಮೆ. ಈ ಜೀನ್ ಸಂಬಳ ನೋಡಿ ಬರುವುದಿಲ್ಲ, ಹುಟ್ಟುವಾಗ ಚೀಟಿ ಎತ್ತಿದ ಹಾಗೆ. 5 ಲಕ್ಷ ಜನರನ್ನು ಸುಮಾರು ಹತ್ತು ವರ್ಷ ಗಮನಿಸಿದ ಆ ಅಧ್ಯಯನದಲ್ಲಿ, ಬರೀ ಕೇಳಿ ಬರೆದುಕೊಂಡ ಲೆಕ್ಕದ ಪ್ರಕಾರ ಸ್ವಲ್ಪ ಕುಡಿಯುವವರಿಗೆ ಪಾರ್ಶ್ವವಾಯು ಕಡಿಮೆ ಇದ್ದ ಹಾಗೆ ಕಂಡಿತು. ಜೀನ್ ಪ್ರಕಾರ ನೋಡಿದಾಗ ಆ ಲಾಭ ಮಾಯ. ಕುಡಿದಷ್ಟೂ ಪಾರ್ಶ್ವವಾಯು ಜಾಸ್ತಿ, ನೇರ ಗೆರೆ. ಹೃದಯಾಘಾತದ ವಿಷಯದಲ್ಲಿ ಮಾತ್ರ ಅಷ್ಟು ಸ್ಪಷ್ಟವಾಗಿ ಹಾನಿಯೂ ಕಾಣಲಿಲ್ಲ, ಲಾಭವೂ ಕಾಣಲಿಲ್ಲ. ಅದನ್ನು ಮುಚ್ಚಿಡುವುದು ಸರಿಯಲ್ಲ.

ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಶುರು ಮಾಡಬೇಡಿ. ಇದನ್ನು ನಾನು ಅಳೆದು ತೂಗಿ ಹೇಳುತ್ತಿಲ್ಲ, ನೇರವಾಗಿಯೇ ಹೇಳುತ್ತಿದ್ದೇನೆ. ಆಲ್ಕೋಹಾಲ್ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಮೊದಲ ಗುಂಪಿಗೆ ಹಾಕಿದೆ, ತಂಬಾಕು ಇರುವ ಗುಂಪಿಗೇ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಸ್ತನ. ವೈನಿಗೆ ರಿಯಾಯಿತಿ ಇಲ್ಲ, ದೇಹ ಅದನ್ನೂ ಅಸಿಟಾಲ್ಡಿಹೈಡ್ ಮಾಡಿಯೇ ಜೀರ್ಣಿಸಬೇಕು, ಡಿಎನ್‌ಎಗೆ ಹಾನಿ ಮಾಡುವುದು ಅದೇ. ಸ್ತನದ ವಿಷಯದಲ್ಲಿ ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನ್ ಕೂಡ ಏರುತ್ತದೆ, ಹಾಗಾಗಿ ದಿನಕ್ಕೆ ಒಂದೇ ಗ್ಲಾಸ್‌ಗೂ ಅಪಾಯ ಸ್ವಲ್ಪ ಏರುವುದು ಕಾಣುತ್ತದೆ.

ಹೆದರಿಸುತ್ತಿಲ್ಲ, ಅಳತೆ ಕೊಡುತ್ತೇನೆ. 2025ರ ಜನವರಿಯಲ್ಲಿ ಅಮೆರಿಕದ ಆಗಿನ ಸರ್ಜನ್ ಜನರಲ್ (ಜನರಿಗೆ ಆರೋಗ್ಯದ ಸಲಹೆ ಕೊಡುವ ಸರಕಾರದ ಮುಖ್ಯ ವೈದ್ಯರು) ವಿವೇಕ್ ಮೂರ್ತಿ, ಮಂಡ್ಯ ಜಿಲ್ಲೆ ಹಲ್ಲೆಗೆರೆ ಮೂಲದವರು, ಆಲ್ಕೋಹಾಲ್-ಕ್ಯಾನ್ಸರ್ ಬಗ್ಗೆ ಒಂದು ಎಚ್ಚರಿಕೆ ಪತ್ರ ಹೊರಡಿಸಿದರು. ಅದರ ಪ್ರಕಾರ ವಾರಕ್ಕೆ ಒಂದು ಡ್ರಿಂಕ್‌ಗಿಂತ ಕಡಿಮೆ ಕುಡಿಯುವ 100 ಹೆಂಗಸರಲ್ಲಿ ಜೀವಮಾನದಲ್ಲಿ ಸುಮಾರು 17 ಜನರಿಗೆ ಈ ಏಳರಲ್ಲಿ ಯಾವುದಾದರೂ ಕ್ಯಾನ್ಸರ್ ಬರುತ್ತದೆ. ದಿನಕ್ಕೊಂದು ಕುಡಿದರೆ 19. ದಿನಕ್ಕೆರಡು ಕುಡಿದರೆ 22. ಗಂಡಸರಿಗೆ 10, 11, 13. ಇದು ಅಲ್ಲಿನ ಲೆಕ್ಕ. ಪ್ರಳಯ ಏನಲ್ಲ. ಆದರೆ ನಿಮ್ಮ ಅಮ್ಮನಿಗೆ ಇತ್ತು ಅಂದಮೇಲೆ ನಿಮ್ಮ ಶುರುವಿನ ಸಂಖ್ಯೆಯೇ ಮೇಲಿರುತ್ತದೆ, ಅದರ ಮೇಲೆ ಔಷಧಿ ಹೆಸರಲ್ಲಿ ಇನ್ನೆರಡು ಸೇರಿಸುವುದು ಯಾಕೆ?

ಇನ್ನೊಂದು, ಯಜಮಾನರು ಗುಟ್ಕಾ ಅಥವಾ ಹೊಗೆಸೊಪ್ಪು ಹಾಕುವವರಾ? ಹೌದಾದರೆ ಬಾಯಿ ಕ್ಯಾನ್ಸರ್ ಲೆಕ್ಕ ಪೂರ್ತಿ ಬದಲಾಗುತ್ತೆ. ತಂಬಾಕು, ಆಲ್ಕೋಹಾಲ್ ಎರಡೂ ಸೇರಿದರೆ ಅದು ಕೂಡಿಸುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ.

ಕೊಡವ_ಕುಂಡಿಗೆ

ಡಾಕ್ಟ್ರೇ, ಪೂರ್ತಿ ಒಪ್ಪಲ್ಲ. ನಮ್ಮ ಕಡೆ ಮನೆಯಲ್ಲೇ ವೈನ್ ಮಾಡುತ್ತಾರೆ, ದ್ರಾಕ್ಷಿ, ಶುಂಠಿ, ಪ್ಯಾಶನ್ ಫ್ರೂಟ್, ನೆಲ್ಲಿಕಾಯಿ, ಏನು ಸಿಕ್ಕಿದರೂ. ನಮ್ಮ ಅಜ್ಜ 91ರವರೆಗೆ ರಾತ್ರಿ ಒಂದು ಚಿಕ್ಕ ಲೋಟ ಕುಡಿದೇ ಮಲಗಿದ್ದು. ಕಾಫಿ ತೋಟ ಪೂರ್ತಿ ನಡೆದು ಸುತ್ತುತ್ತಿದ್ದರು.

ಅಜ್ಜನ ಕಥೆ ಸಾಕ್ಷಿ ಅಲ್ಲ ಅಂತ ನೀವು ಹೇಳುತ್ತೀರಿ, ಗೊತ್ತು. ಅದಕ್ಕೇ ಅಧ್ಯಯನವನ್ನೇ ತಂದಿದ್ದೇನೆ. 2024ರ ಡಿಸೆಂಬರಿನಲ್ಲಿ ಯುರೋಪಿನ ಹೃದ್ರೋಗ ಪತ್ರಿಕೆಯಲ್ಲಿ ಸ್ಪೇನಿನವರು ಬರೆದದ್ದು. 1,232 ಜನ. ಎಷ್ಟು ಕುಡಿಯುತ್ತೀರಿ ಅಂತ ಬಾಯಲ್ಲಿ ಕೇಳಿ ಸುಮ್ನಾಗಲಿಲ್ಲ, ಮೂತ್ರದಲ್ಲಿ ಟಾರ್ಟಾರಿಕ್ ಆಮ್ಲ ಅಳೆದರು, ದ್ರಾಕ್ಷಿಯಲ್ಲಿರುವ ಹುಳಿ. ತಿಂಗಳಿಗೆ 12ರಿಂದ 35 ಗ್ಲಾಸ್ ಕುಡಿದವರಿಗೆ ಹೃದಯದ ತೊಂದರೆ ಶೇಕಡಾ 50 ಕಡಿಮೆ. ಸುಳ್ಳು ಹೇಳಲು ಮೂತ್ರಕ್ಕೆ ಬಾಯಿಲ್ಲ.

ರಾತ್ರಿಪಾಳಿ

ಒಳ್ಳೆಯ ಅಧ್ಯಯನ ತಂದಿದ್ದೀರಿ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಅದನ್ನೇ ಪೂರ್ತಿ ಓದಿ. ತಿಂಗಳಿಗೆ 3ರಿಂದ 12 ಗ್ಲಾಸ್ ಕುಡಿದವರಿಗೂ ಶೇಕಡಾ 38 ಕಡಿಮೆ ಇತ್ತು. ವಾರಕ್ಕೆ ಒಂದೆರಡು ಗ್ಲಾಸಿಗೇ ಅಷ್ಟು ಲಾಭ ಸಿಗುತ್ತೆ ಅಂದರೆ ನನಗೆ ಅನುಮಾನ ಬರುವುದು ವೈನಿನ ಮೇಲಲ್ಲ, ಆ ಮನುಷ್ಯರ ಉಳಿದ ಜೀವನದ ಮೇಲೆ. ತಿಂಗಳಿಗೆ 35 ದಾಟಿದವರಲ್ಲಿ ಆ ಲಾಭ ಕಾಣಲಿಲ್ಲ. ನಮ್ಮ ಮೈಸೂರಿನವರು ಮೇಷ್ಟ್ರ ಲೆಕ್ಕದಲ್ಲಿ ತಿಂಗಳಿಗೆ 50 ಗ್ಲಾಸ್. ಮತ್ತೆ ಅವರೆಲ್ಲ ಆಲಿವ್ ಎಣ್ಣೆ, ಬೀಜ, ಮೀನು, ಸೊಪ್ಪು ತಿನ್ನುವ ಪಥ್ಯದ ಪ್ರಯೋಗದಲ್ಲಿದ್ದ ವಯಸ್ಸಾದವರು. ಯಾರಿಗೂ ಚೀಟಿ ಎತ್ತಿ ವೈನ್ ಕೊಟ್ಟದ್ದಲ್ಲ, ಕುಡಿಯುತ್ತಿದ್ದವರನ್ನು ನೋಡಿದ್ದು.

ಚೀಟಿ ಎತ್ತಿ ಕೊಟ್ಟದ್ದೂ ಒಂದಿದೆ, ಇಸ್ರೇಲಿನಲ್ಲಿ, 2015ರಲ್ಲಿ ಬಂತು. 224 ಸಕ್ಕರೆ ಕಾಯಿಲೆಯವರು, ಎರಡು ವರ್ಷ, ರಾತ್ರಿ ಊಟಕ್ಕೆ 150 ಮಿಲೀ ರೆಡ್ ವೈನ್, ಇಲ್ಲ ವೈಟ್ ವೈನ್, ಇಲ್ಲ ಬರೀ ನೀರು. ರೆಡ್ ವೈನಿನವರಿಗೆ ಎಚ್‌ಡಿಎಲ್ ಒಂದೆರಡು ಅಂಕ ಏರಿತು, ಬಿಪಿಯಲ್ಲಿ ವ್ಯತ್ಯಾಸ ಇಲ್ಲ. ಹೃದಯಾಘಾತ ತಪ್ಪಿತಾ ಅಂತ ನೋಡಲು ಅದು ತುಂಬಾ ಚಿಕ್ಕದು. ದೊಡ್ಡದೊಂದು ಅಮೆರಿಕದಲ್ಲಿ ಶುರುವಾಗಿತ್ತು, ಆದರೆ ಮದ್ಯದ ಕಂಪನಿಗಳ ಹತ್ತಿರ ಹಣ ಕೇಳಿದ್ದು ಬಯಲಾಗಿ 2018ರಲ್ಲಿ ಸರಕಾರವೇ ನಿಲ್ಲಿಸಿತು.

ಇನ್ನು ಆ ಟಾರ್ಟಾರಿಕ್ ಆಮ್ಲ, ನಮ್ಮ ಹುಣಸೆಹಣ್ಣಿನ ಹುಳಿ ಕೂಡ ಅದೇ. ನಮ್ಮೂರಲ್ಲಿ ಆ ಪರೀಕ್ಷೆ ಮಾಡಿದರೆ ಸಾರು ತಿಂದವರೆಲ್ಲ ವೈನ್ ಕುಡಿದವರ ಪಟ್ಟಿಗೆ ಬೀಳುತ್ತಾರೆ. ಮೂತ್ರಕ್ಕೂ ಬಾಯಿ ಇದೆ ಸ್ವಾಮಿ :)

ನಂದಿ_ದ್ರಾಕ್ಷಿ

ನಗು ತಡೆಯಲಾಗಲಿಲ್ಲ.

ನಾನು ದೊಡ್ಡಬಳ್ಳಾಪುರ ಕಡೆ ದ್ರಾಕ್ಷಿ ಬೆಳೆಗಾರ. ಎರಡೂವರೆ ಎಕರೆ, ಬೆಂಗಳೂರು ನೀಲಿ. ವೈನ್ ಬಗ್ಗೆ ಕೆಟ್ಟದ್ದು ಹೇಳಿದರೆ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ ಅಂತ ನೀವು ಅಂದುಕೊಳ್ಳಬಹುದು. 2007ರಲ್ಲಿ ನಮ್ಮ ರಾಜ್ಯ ವೈನ್ ನೀತಿ ತಂದಾಗ ನಮಗೂ ಆಸೆ ಇತ್ತು. ಆದರೆ ಔಷಧಿ ಅಂತ ಮಾರುವುದು ನನಗೂ ಹಿಡಿಸಲ್ಲ.

ರೆಡ್ ವೈನ್ ಒಳ್ಳೆಯದು ಅನ್ನಲು ಎಲ್ಲರೂ ಹೇಳುವ ರೆಸ್ವೆರಟ್ರಾಲ್ ಅನ್ನುವ ವಸ್ತು ಇರುವುದು ದ್ರಾಕ್ಷಿ ಸಿಪ್ಪೆಯಲ್ಲಿ. ರೆಡ್ ವೈನಿಗೆ ಸಿಪ್ಪೆ ಸಮೇತ ಹುದುಗಿಸುತ್ತಾರೆ, ಅದಕ್ಕೇ ಅದರಲ್ಲಿ ಜಾಸ್ತಿ, ವೈಟಿನಲ್ಲಿ ಕಡಿಮೆ. ಜಾಸ್ತಿ ಅಂದರೆ ಎಷ್ಟು? ಲೀಟರಿಗೆ ಒಂದೆರಡು ಮಿಲಿಗ್ರಾಂ. 2006ರಲ್ಲಿ ದಪ್ಪ ಇಲಿಗಳಿಗೆ ಅದನ್ನು ಕೊಟ್ಟು ಅವು ಹೆಚ್ಚು ದಿನ ಬದುಕಿದವು ಅಂತ ದೊಡ್ಡ ಸುದ್ದಿ ಆಯಿತಲ್ಲ, ಅವುಗಳಿಗೆ ಕೊಟ್ಟದ್ದು ಕೆಜಿ ತೂಕಕ್ಕೆ ದಿನಕ್ಕೆ 22 ಮಿಲಿಗ್ರಾಂ. ಮೇಷ್ಟ್ರೇ, ಮುಂದಿನ ಲೆಕ್ಕ ನಿಮಗೆ ಬಿಟ್ಟೆ.

ಈ ವಸ್ತುವಿನಿಂದ ಮಾತ್ರೆ ಮಾಡುತ್ತೇವೆ ಅಂತಿದ್ದ ಒಂದು ಕಂಪನಿಯನ್ನು 2008ರಲ್ಲಿ ಗ್ಲಾಕ್ಸೋ ಅನ್ನುವ ಔಷಧಿ ಕಂಪನಿಯವರು 72 ಕೋಟಿ ಡಾಲರ್ ಕೊಟ್ಟು ಕೊಂಡರು, 2013ರಲ್ಲಿ ಅದರ ಬಾಗಿಲು ಮುಚ್ಚಿದರು. ನಮ್ಮ ತೋಟಕ್ಕೆ ಅದರಲ್ಲಿ ಒಂದು ಪೈಸೆ ಬಂದಿದ್ದರೂ ಡ್ರಿಪ್ ಹೊಸದಾಗುತ್ತಿತ್ತು. ಇಟಲಿಯ ಕಿಯಾಂಟಿ ಅಂದರೆ ವೈನಿನ ತವರು, ಅಲ್ಲಿನ ಸುಮಾರು 800 ಮುದುಕ ಮುದುಕಿಯರನ್ನು ಒಂಬತ್ತು ವರ್ಷ ನೋಡಿದರು. ಮೈಯಲ್ಲಿ ಆ ವಸ್ತು ಜಾಸ್ತಿ ಇದ್ದವರೂ ಕಡಿಮೆ ಇದ್ದವರೂ ಒಂದೇ ತರ ಸತ್ತರು, ಹೃದಯದ ಕಾಯಿಲೆಯಲ್ಲೂ ವ್ಯತ್ಯಾಸ ಇಲ್ಲ. 2014ರಲ್ಲಿ ಬಂದ ವರದಿ.

ಮತ್ತೊಂದು ವಿಷಯ ಅಮ್ಮಾ, ಬಾಟಲಿ ಸಿಹಿ ಪೋರ್ಟ್ ತರದ್ದಾ, ಒಗರು ತರದ್ದಾ ನೋಡಿ. ನಮ್ಮ ಜನಕ್ಕೆ ಸಿಹಿ ವೈನೇ ಇಷ್ಟ, ಬೆಂಗಳೂರು ನೀಲಿಯಿಂದ ಮಾಡುವುದೂ ಜಾಸ್ತಿ ಅಂಥದ್ದೇ. ಸಕ್ಕರೆ ಗಡಿಯಲ್ಲಿರುವವರು ಸಿಹಿ ವೈನನ್ನು ಕಷಾಯ ಅಂತ ಕುಡಿಯುವುದು, ಶುಂಠಿ ಕಷಾಯಕ್ಕೆ ಅರ್ಧ ಅಚ್ಚು ಬೆಲ್ಲ ಹಾಕಿದ ಹಾಗೆ.

ಲೆಕ್ಕದ_ಮೇಷ್ಟ್ರು

ಬಿಟ್ಟದ್ದನ್ನು ಮಾಡಿದೆ. 60 ಕೆಜಿ ಮನುಷ್ಯ, 22ರಿಂದ ಗುಣಿಸಿದರೆ 1,320 ಮಿಲಿಗ್ರಾಂ. ಲೀಟರಿಗೆ 2 ಅಂತ ಉದಾರವಾಗಿ ಹಿಡಿದರೂ ದಿನಕ್ಕೆ 660 ಲೀಟರ್ ವೈನ್. ಇಲಿಯಿಂದ ಮನುಷ್ಯನಿಗೆ ನೇರ ಗುಣಾಕಾರ ಸರಿಯಲ್ಲ, ಹನ್ನೆರಡರಲ್ಲಿ ಒಂದು ಭಾಗ ಹಿಡಿಯಬೇಕು ಅಂತ ನನ್ನ ಮಗಳು (ಫಾರ್ಮಸಿ ಓದಿದ್ದಾಳೆ) ಹೇಳಿದಳು. ಸರಿ, ಹಾಗಾದರೆ 55 ಲೀಟರ್. ದೊಡ್ಡ ನೀರಿನ ಕ್ಯಾನ್ ಎರಡೂಮುಕ್ಕಾಲು.

ಒಗ್ಗರಣೆ_ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿಯ ವರದಿ ಕೊಡುತ್ತೇನೆ.

ಊಟಕ್ಕೆ ಮೊದಲು ಇವರು ಎಂದಿನಂತೆ ಸುರಿದುಕೊಂಡರು. ನಾನು ಏನೂ ಹೇಳದೆ ಗ್ಲಾಸ್ ತಗೊಂಡು ಹೋಗಿ ರೈಸ್ ಕುಕ್ಕರ್ ಜೊತೆ ಬಂದ ಅಳತೆ ಲೋಟಕ್ಕೆ ಬಗ್ಗಿಸಿದೆ. 180 ಮಿಲೀ ಲೋಟ ತುಂಬಿ ಗ್ಲಾಸಿನಲ್ಲಿ ಇನ್ನೂ ಉಳಿಯಿತು. ಉಳಿದದ್ದು ಲೋಟದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಮೇಷ್ಟ್ರು ಮೈಸೂರಿಗೆ ಬಂದರೆ ಒಂದು ಹೊತ್ತು ಊಟ ನಮ್ಮ ಮನೆಯಲ್ಲಿ. ಬಾಟಲಿ ಮೇಲೆ 13.5 ಅಂತ ಇದೆ. ಸಿಹಿ ಅಲ್ಲ, ಒಗರು.

"ವಾರಕ್ಕೆ ಒಂಬತ್ತು ಲಾರ್ಜ್ ಆಗುತ್ತಂತೆ" ಅಂದೆ. ಯಾರು ಹೇಳಿದ್ದು ಅಂದರು. ಫೋನ್ ಕೊಟ್ಟೆ. ಪೂರ್ತಿ ಓದಿದರು, ಹುಣಸೆಹಣ್ಣಿನ ಹತ್ತಿರ ನಕ್ಕರು, 268ರ ಹತ್ತಿರ ಸುಮ್ಮನಾದರು. ಆಮೇಲೆ ಕೇಳಿದ್ದು, "ಹಾಗಾದರೆ ಶನಿವಾರದ ವಿಸ್ಕಿಯೇ ವಾಸಿ ಇತ್ತಾ?" ಡಾಕ್ಟ್ರೇ, ಇದಕ್ಕೆ ಏನು ಹೇಳಲಿ?

ತಂಬಾಕು ಅಭ್ಯಾಸ ಇಲ್ಲ. ಬಿಪಿ ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ನೋಡಿಸಿದೆವು, 142/90. ಮಾತ್ರೆ ತಪ್ಪಿಸಿಲ್ಲ.

ನಾನು ಮುಟ್ಟುವುದಿಲ್ಲ ಅಂತ ಹೇಳಿದೆ. ಅಮ್ಮನ ಹೆಸರು ತೆಗೆದ ಮೇಲೆ ಅವರೂ ಒತ್ತಾಯ ಮಾಡಲಿಲ್ಲ.

ರಾತ್ರಿಪಾಳಿ

ಒಂದೇ ಸಲ ಮೂರು ಲಾರ್ಜ್ ಕೂಡ ವಾಸಿ ಅಲ್ಲ. ಹಾಗೆ ಒಟ್ಟಿಗೆ ಕುಡಿದ ರಾತ್ರಿಯೇ ಹೃದಯದ ಬಡಿತ ತಪ್ಪಿ ಭಾನುವಾರ ಬೆಳಗಿನ ಜಾವ ನಮ್ಮಲ್ಲಿಗೆ ಬರುವವರಿದ್ದಾರೆ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಅಂತ ನನ್ನ ಬಾಯಿಂದ ಹೇಳಿಸಬೇಡಿ.

ಅವರಿಗೆ ಹೀಗೆ ಹೇಳಿ ನೋಡಿ: ಎರಡು ತಿಂಗಳು ಯಾವುದೂ ಬೇಡ, ಮಾತ್ರೆ ಮತ್ತು ರಾತ್ರಿ ಊಟದ ನಂತರ ಅರ್ಧ ಗಂಟೆ ನಡಿಗೆ, ಅಷ್ಟೇ. ಆಮೇಲೆ ಬಿಪಿ, ಟ್ರೈಗ್ಲಿಸರೈಡ್ ನೋಡಿಸಿ, ಜೊತೆಗೆ ಲಿವರ್ ಪರೀಕ್ಷೆ. ಅವರದ್ದೇ ಮೈ, ಅವರದ್ದೇ ಪ್ರಯೋಗ, ಸ್ಪೇನಿನವರ ಮೂತ್ರ ಬೇಕಾಗಿಲ್ಲ. 142/90 ಹಾಗೇ ಇದ್ದರೆ ಮಾತ್ರೆ ಬದಲಾಯಿಸಬೇಕಾಗಬಹುದು, ಡಾಕ್ಟರ ಹತ್ತಿರ ಹೋಗುವಾಗ ದಿನಾ ಕುಡಿಯುತ್ತಿದ್ದ ವಿಷಯ ಮುಚ್ಚಿಡಬೇಡಿ. ಮುಂದೆ ಸಕ್ಕರೆಗೆ ಮಾತ್ರೆ ಶುರುವಾದರಂತೂ ಹೇಳಲೇಬೇಕು, ಕೆಲವು ಮಾತ್ರೆಗಳ ಜೊತೆ ಕುಡಿದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ.

ಆಮೇಲೂ ರುಚಿಗೆ ಬೇಕು ಅನಿಸಿದರೆ ಹಬ್ಬಕ್ಕೋ ಮದುವೆಗೋ ಒಂದು ಗ್ಲಾಸ್ ಕುಡಿಯಲಿ, 150ರ ಗ್ಲಾಸ್. ಆದರೆ ಕಷಾಯ ಅನ್ನುವ ಹೆಸರು ಬೇಡ. ಆ ಹೆಸರಿನಿಂದಲೇ ಅವರು ಏಳು ದಿನವೂ ಕುಡಿದದ್ದು.

ಒಗ್ಗರಣೆ_ಮೈಸೂರು

ಎರಡು ತಿಂಗಳಿಗೆ ಒಪ್ಪಿದರು, "ದಸರಾಕ್ಕೆ ನೋಡೋಣ" ಅನ್ನುವ ಷರತ್ತಿನ ಮೇಲೆ.

ಒಂದು ಮಾತು ಕೇಳಿ ನಗಬೇಡಿ. ಮೂರೇ ದಿನಕ್ಕೆ ಬಾಟಲಿ ಯಾಕೆ ಮುಗಿಸುತ್ತಿದ್ದಿರಿ ಅಂತ ಕೇಳಿದರೆ, "ತೆರೆದ ಮೇಲೆ ಹಾಳಾಗುತ್ತೆ ಅಂದಿದ್ದ, 900 ರೂಪಾಯಿ ಬಾಟಲಿ, ಚೆಲ್ಲೋಕಾಗುತ್ತಾ" ಅಂದರು! ಈಗ ಫ್ರಿಜ್ಜಿನಲ್ಲಿ ಅರ್ಧ ಬಾಟಲಿ ಉಳಿದಿದೆ. ಏನು ಮಾಡಲಿ?

ನಂದಿ_ದ್ರಾಕ್ಷಿ

ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಕುಡಿಯುವ ಹಾಗಿರುತ್ತೆ, ಆಮೇಲೆ ಹುಳಿಯಾಗುತ್ತೆ, ವಿಷ ಆಗಲ್ಲ. ದಸರಾ ಹೊತ್ತಿಗೆ ಬೇಕಾದರೆ 375 ಮಿಲೀ ಅರ್ಧ ಬಾಟಲಿ ಸಿಗುತ್ತೆ, ಅದನ್ನೇ ತರಿಸಿ, ದುಡ್ಡು ಹಾಳಾಗುತ್ತೆ ಅನ್ನುವ ನೆಪ ಇರಲ್ಲ.

ಈ ಅರ್ಧ ಬಾಟಲಿಯನ್ನು ಅಗಲ ಬಾಯಿಯ ಗಾಜಿನ ಜಾಡಿಗೆ ಹಾಕಿ, ಸ್ವಲ್ಪ ನೀರು ಬೆರೆಸಿ, ತೆಳು ಬಟ್ಟೆ ಕಟ್ಟಿ, ಬಿಸಿಲು ಬೀಳದ ಮೂಲೆಯಲ್ಲಿ ಇಡಿ. ಮನೆಯಲ್ಲಿ ಪಾಶ್ಚರೀಕರಿಸದ ವಿನಿಗರ್ ಇದ್ದರೆ ಎರಡು ಚಮಚ ಸೇರಿಸಿ, ಬೇಗ ಹಿಡಿಯುತ್ತೆ. ಒಂದೆರಡು ತಿಂಗಳಲ್ಲಿ ಒಳ್ಳೆ ವಿನಿಗರ್. ಈರುಳ್ಳಿ ಉಪ್ಪಿನಕಾಯಿಗೆ ನಮ್ಮ ಮನೆಯವಳು ಅದನ್ನೇ ಹಾಕುವುದು. ಮೇಲೆ ಹಸಿರು ಅಥವಾ ಕಪ್ಪು ಬೂಸ್ಟು ಬಂದರೆ ಮಾತ್ರ ಚೆಲ್ಲಿಬಿಡಿ.